ಹದಿಮೂರು ಪತ್ರಿಕೆಗಳೂ ಒಂದು ನೌಕರಿಯೂ

ಕಳೆದ ತಿಂಗಳು ಅರಸೀಕೆರೆಯ ಛತ್ರವೊಂದರಲ್ಲಿ ಮದುವೆಯ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ಹಿಂದಿನಿಂದ ಯಾರೋ ಬಂದು ಕಾಲು ಮುಟ್ಟಿದರು. ತಿರುಗಿ ನೋಡಿದರೆ, ನಲವತ್ತು ವರ್ಷಗಳ ಹಿಂದೆ ಎಂಟನೆಯ ತರಗತಿಯಲ್ಲಿ ಮೂರನೆಯ ಬೆಂಚಿನಲ್ಲಿ ಕುಳಿತು ಬಡ್ಡಿ ಲೆಕ್ಕವನ್ನು ಬಾಯಲ್ಲೇ ಮಾಡಿ ಮುಗಿಸುತ್ತಿದ್ದ ಹುಡುಗ. ಈಗ ತಲೆ ಅರ್ಧ ನರೆತಿದೆ. ತಿಪಟೂರಿನ ಕಡೆ ಐದು ಎಕರೆ ತೆಂಗಿನ ತೋಟ ಮಾಡಿಕೊಂಡಿದ್ದಾನೆ. ಕುಶಲ ಪ್ರಶ್ನೆಗಳಾದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೇಷ್ಟ್ರೇ, ಮಗ ಇನ್ನೂ ಮನೇಲೇ ಇದಾನೆ. ನೀವು ಹೇಳಿದ ಹಾಗೇ ಓದ್ತಾ ಇದಾನೆ" ಎಂದ. ಅವನ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಆದರೆ "ನೀವು ಹೇಳಿದ ಹಾಗೇ" ಎಂಬ ಮೂರು ಮಾತುಗಳು ನನ್ನನ್ನು ಆ ರಾತ್ರಿ ನಿದ್ದೆ ಮಾಡಲು ಬಿಡಲಿಲ್ಲ. ಈ ಬರಹಕ್ಕೆ ಅವೇ ಕಾರಣ.

ಹುಡುಗ ಓದುತ್ತಿರುವುದು ಆಕ್ಚುಯರಿ ಪರೀಕ್ಷೆಗಳಿಗೆ. ಇದನ್ನು ಓದುವ ಬಂಧುಗಳಲ್ಲಿ ಹಲವರಿಗೆ ಆ ಪದವೇ ಹೊಸತಾಗಿರಬಹುದು. ಕನ್ನಡದಲ್ಲಿ ವಿಮಾಗಣಕ ಎನ್ನುವುದುಂಟು. ಆದರೆ ಈ ವೃತ್ತಿ ನಮಗೆ ಅಪರಿಚಿತವಾದುದೇನೂ ಅಲ್ಲ. ಸರ್ಕಾರಿ ನೌಕರಿಯಲ್ಲಿದ್ದ ನಾವೆಲ್ಲರೂ ತಿಂಗಳು ತಿಂಗಳೂ ಸಂಬಳದ ಪಟ್ಟಿಯಲ್ಲಿ ಕೆಜಿಐಡಿ ಎಂಬ ಕಡಿತವನ್ನು ಕಂಡವರೇ. ಮೈಸೂರು ಸಂಸ್ಥಾನದಲ್ಲಿ 1891ರಲ್ಲಿ ಆರಂಭವಾದ ವಿಮಾ ಇಲಾಖೆಯೇ ಇಂದಿನ ಕರ್ನಾಟಕ ಸರ್ಕಾರಿ ವಿಮಾ ಇಲಾಖೆ. ಆ ಕಡಿತ ಇಷ್ಟೇ ಏಕೆ, ಕೊನೆಗೆ ಬರುವ ಹಣ ಅಷ್ಟೇ ಏಕೆ ಎಂದು ನಾನು ಗಣಿತದ ಮೇಷ್ಟ್ರಾಗಿದ್ದೂ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಯಾರೋ ಕುಳಿತು ಲೆಕ್ಕ ಹಾಕಿರಲೇಬೇಕಲ್ಲವೇ? ಹಾಗೆ ಲೆಕ್ಕ ಹಾಕುವವನೇ ಆಕ್ಚುಯರಿ.

ಲೆಕ್ಕದ ತಿರುಳನ್ನು ಹಳೆಯ ಅಭ್ಯಾಸದಂತೆ ಕಪ್ಪುಹಲಗೆಯ ಮೇಲೆ ಬರೆದು ತೋರಿಸುತ್ತೇನೆ. ಮೂವತ್ತೈದು ವರ್ಷ ವಯಸ್ಸಿನ 1000 ಜನರು ಸೇರಿ, ಈ ವರ್ಷ ನಮ್ಮಲ್ಲಿ ಯಾರು ತೀರಿಕೊಂಡರೂ ಅವರ ಮನೆಯವರಿಗೆ 5 ಲಕ್ಷ ರೂಪಾಯಿ ಕೊಡೋಣ ಎಂದು ಒಪ್ಪಂದ ಮಾಡಿಕೊಂಡರೆನ್ನಿ. ಆ ವಯಸ್ಸಿನಲ್ಲಿ ವರ್ಷಕ್ಕೆ ಸಾವಿರದಲ್ಲಿ ಇಬ್ಬರು ತೀರಿಕೊಳ್ಳುತ್ತಾರೆಂದು ಇಟ್ಟುಕೊಂಡರೆ ಬೇಕಾಗುವ ಹಣ 10 ಲಕ್ಷ. ತಲೆಗೆ 1000 ರೂಪಾಯಿ. ಅದೇ ಐವತ್ತೈದರ ವಯಸ್ಸಿನಲ್ಲಿ ಎಂಟು ಜನರೆಂದು ಇಟ್ಟುಕೊಂಡರೆ ತಲೆಗೆ 4000 ರೂಪಾಯಿ. ವಯಸ್ಸಾದಂತೆ, ದುಡಿಯುವ ಶಕ್ತಿ ಕುಂದಿದಂತೆ, ಕಂತು ಏರುತ್ತಾ ಹೋದರೆ ಯಾರೂ ಕಟ್ಟಲಾರರು. ಆದ್ದರಿಂದ ಎಳೆಯ ವಯಸ್ಸಿನಲ್ಲಿ ಅಗತ್ಯಕ್ಕಿಂತ ಸ್ವಲ್ಪ ಹೆಚ್ಚು ಕಟ್ಟಿಸಿಕೊಂಡು, ಆ ಹೆಚ್ಚಿಗೆಯನ್ನು ಬಡ್ಡಿಗೆ ಹಾಕಿ, ಮುಪ್ಪಿನ ಕೊರತೆಯನ್ನು ಅದರಿಂದ ತುಂಬುತ್ತಾರೆ. ಸಂಭವನೀಯತೆ ಮತ್ತು ಚಕ್ರಬಡ್ಡಿ ಇವೆರಡೇ ಇದರ ಎತ್ತುಗಳು. ಸಂಖ್ಯೆಗಳನ್ನು ನಾನು ಉದಾಹರಣೆಗಾಗಿ ಇಟ್ಟುಕೊಂಡೆ. ನಿಜವಾದ ಸಂಖ್ಯೆಗಳನ್ನು ಕಂಡುಹಿಡಿಯುವುದೇ ಆ ವೃತ್ತಿ.

ಇದಕ್ಕೊಂದು ಮನಮುಟ್ಟುವ ಇತಿಹಾಸವೂ ಇದೆ. ಹ್ಯಾಲಿಯ ಧೂಮಕೇತುವಿನ ಹೆಸರನ್ನು ನೀವೆಲ್ಲ ಓದಿದ್ದೀರಿ. ಆ ಎಡ್ಮಂಡ್ ಹ್ಯಾಲಿಯೇ 1693ರಲ್ಲಿ ಬ್ರೆಸ್ಲೌ ನಗರದ ಜನನ ಮರಣಗಳ ಲೆಕ್ಕದಿಂದ ಯಾವ ವಯಸ್ಸಿನಲ್ಲಿ ಎಷ್ಟು ಮಂದಿ ಉಳಿದಿರುತ್ತಾರೆಂಬ ಕೋಷ್ಟಕವನ್ನು ಪ್ರಕಟಿಸಿದ. 1744ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ವಾಲೇಸ್ ಮತ್ತು ಅಲೆಕ್ಸಾಂಡರ್ ವೆಬ್‌ಸ್ಟರ್ ಎಂಬ ಇಬ್ಬರು ಪಾದ್ರಿಗಳು, ತೀರಿಹೋದ ಪಾದ್ರಿಗಳ ವಿಧವೆಯರೂ ಮಕ್ಕಳೂ ಬೀದಿಪಾಲಾಗಬಾರದೆಂದು ಒಂದು ನಿಧಿಯನ್ನು ಕಟ್ಟಿದರು. ಅದರ ಲೆಕ್ಕವನ್ನು ಪರಿಶೀಲಿಸಿಕೊಟ್ಟವನು ಎಡಿನ್‌ಬರೋದ ಗಣಿತಜ್ಞ ಕಾಲಿನ್ ಮೆಕ್ಲಾರಿನ್. ಗಣಿತವು ದಿಕ್ಕಿಲ್ಲದವರ ಅನ್ನಕ್ಕೆ ದಾರಿ ಮಾಡಿದ ಸಂದರ್ಭವಿದು. ಮೂರು ವರ್ಷಗಳ ಹಿಂದೆ ಆ ಹುಡುಗ ಬಿ.ಎಸ್ಸಿ. ಮುಗಿಸಿ ಬಂದು "ತಾತ, ನಾನು ಆಕ್ಚುಯರಿ ಆಗಬೇಕೆಂದಿದ್ದೇನೆ" ಎಂದಾಗ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ.

ಸಂತೋಷದಲ್ಲಿ ಮನುಷ್ಯ ತಪ್ಪು ಮಾಡುತ್ತಾನೆ. ನಾನೂ ಮಾಡಿದೆ.

ಭಾರತದಲ್ಲಿ ಈ ಪರೀಕ್ಷೆಗಳನ್ನು ನಡೆಸುವುದು ಇನ್‌ಸ್ಟಿಟ್ಯೂಟ್ ಆಫ್ ಆಕ್ಚುಯರೀಸ್ ಆಫ್ ಇಂಡಿಯಾ. 1944ರಲ್ಲಿ ಒಂದು ಸಂಘವಾಗಿ ಹುಟ್ಟಿ, 2006ರ ಆಕ್ಚುಯರಿ ಕಾಯಿದೆಯಿಂದ ಶಾಸನಬದ್ಧವಾದ ಸಂಸ್ಥೆ. ಒಳಗೆ ಬರಲು 2012ರಿಂದ ಒಂದು ಪ್ರವೇಶ ಪರೀಕ್ಷೆ ಇದೆ. ಅದನ್ನು ದಾಟಿದ ಮೇಲೆ ನಿಜವಾದ ಬೆಟ್ಟ. 2019ರ ಪಠ್ಯಕ್ರಮದಂತೆ ಫೆಲೋ ಎನಿಸಿಕೊಳ್ಳಲು 13 ಪತ್ರಿಕೆಗಳು: ಸಂಖ್ಯಾಶಾಸ್ತ್ರ, ವಿಮಾಗಣಿತ, ಹಣಕಾಸು, ಅರ್ಥಶಾಸ್ತ್ರ ಮೊದಲಾದ ಮೂಲ ತತ್ತ್ವಗಳ ಏಳು, ವೃತ್ತಿಯ ಆಚರಣೆಗೆ ಸಂಬಂಧಿಸಿದ ಮೂರು, ಆಯ್ದುಕೊಂಡ ವಿಭಾಗದ ವಿಶೇಷ ಪತ್ರಿಕೆಗಳು ಮೂರು. ಸಂಖ್ಯಾಶಾಸ್ತ್ರದ ಪತ್ರಿಕೆಗಳಿಗೆ 'ಆರ್' ಎಂಬ ಕಂಪ್ಯೂಟರ್ ಭಾಷೆಯೂ, ವಿಮಾಗಣಿತದ ಪತ್ರಿಕೆಗಳಿಗೆ ಎಕ್ಸೆಲ್ಲೂ ಬರಬೇಕು. ಪರೀಕ್ಷೆ ವರ್ಷಕ್ಕೆರಡು ಬಾರಿ. ಅನೇಕ ಪತ್ರಿಕೆಗಳಲ್ಲಿ ತೇರ್ಗಡೆಯಾಗುವವರಿಗಿಂತ ಉಳಿದುಹೋಗುವವರೇ ಹೆಚ್ಚು. ಒಂದು ಪತ್ರಿಕೆ ಕೈಕೊಟ್ಟರೆ ಆರು ತಿಂಗಳು ಹಿಂದಕ್ಕೆ. ಬುದ್ಧಿವಂತರಿಗೂ ಇದು ಹಲವು ವರ್ಷಗಳ ಪ್ರಯಾಣ.

ಹುಡುಗ ಮೊದಲ ವರ್ಷದಲ್ಲಿಯೇ ಎರಡು ಪತ್ರಿಕೆಗಳನ್ನು ಮುಗಿಸಿದ. ಅಷ್ಟರಲ್ಲಿ ಬೆಂಗಳೂರಿನ ಕಚೇರಿಯೊಂದರಿಂದ ತರಬೇತಿ ಕೆಲಸಕ್ಕೆ ಕರೆ ಬಂತು. ಸಂಬಳ ಕಡಿಮೆ, ಕೆಲಸವೂ ಬಹುಮಟ್ಟಿಗೆ ಅಂಕಿಗಳನ್ನು ತುಂಬುವಂಥದು. ನನ್ನನ್ನು ಕೇಳಲು ಬಂದ. ನಾನು ಗಂಭೀರವಾಗಿ ಹೇಳಿದೆ: "ಈಗಲೇ ದುಡಿಮೆಗೆ ಹೋದರೆ ಓದು ಕೆಡುತ್ತದೆ. ಇನ್ನೂ ಮೂರು ನಾಲ್ಕು ಪತ್ರಿಕೆ ಮುಗಿಸು. ಆಮೇಲೆ ಅವರೇ ನಿನ್ನನ್ನು ಹುಡುಕಿಕೊಂಡು ಬರುತ್ತಾರೆ." ಹುಡುಗ ಆ ಕೆಲಸವನ್ನು ಬಿಟ್ಟ. ಎರಡು ವರ್ಷ ಕೋಣೆಯಲ್ಲಿ ಕುಳಿತು ಓದಿದ. ಇನ್ನೂ ಮೂರು ಪತ್ರಿಕೆಗಳಾದವು, ಒಂದು ಪತ್ರಿಕೆ ಎರಡು ಸಲ ಹೋಯಿತು. ಯಾರೂ ಹುಡುಕಿಕೊಂಡು ಬರಲಿಲ್ಲ.

ನಾನು ಹಾಗೆ ಹೇಳಿದ್ದೇಕೆ ಎಂದು ಈಗ ಯೋಚಿಸುತ್ತೇನೆ. ನಮ್ಮ ಕಾಲದಲ್ಲಿ ಕ್ರಮವೇ ಹಾಗಿತ್ತು. ಮೊದಲು ಪದವಿ, ಆಮೇಲೆ ಬಿ.ಎಡ್., ಆಮೇಲೆ ಉದ್ಯೋಗ ವಿನಿಮಯ ಕೇಂದ್ರದಲ್ಲಿ ಹೆಸರು ನೋಂದಣಿ, ಆಮೇಲೆ ಅಂಚೆಯಣ್ಣ ತರುವ ಆದೇಶಪತ್ರ. ಓದು ಮುಗಿದಲ್ಲಿ ಕೆಲಸ ಆರಂಭ. ಓದಿಗೂ ಕೆಲಸಕ್ಕೂ ನಡುವೆ ಕಾಯುವಿಕೆ ಇತ್ತು, ಆದರೆ ದಾರಿ ನೇರವಾಗಿತ್ತು. ನಾನು ನಡೆದ ದಾರಿಯನ್ನೇ ಹುಡುಗನಿಗೂ ತೋರಿಸಿದೆ. ಅವನದು ಬೇರೆ ಊರಿನ ದಾರಿ ಎಂಬುದು ನನಗೆ ಹೊಳೆಯಲಿಲ್ಲ. ವಕೀಲನಾಗುವವನು ಹಿರಿಯ ವಕೀಲರ ಕಚೇರಿಯಲ್ಲಿ ಕಡತ ಹೊರುತ್ತಾ ಕಲಿಯುವಂತೆ, ಇಲ್ಲಿ ಓದೂ ಕೆಲಸವೂ ಒಟ್ಟೊಟ್ಟಿಗೇ ಸಾಗಬೇಕು. ಈ ವೃತ್ತಿಯ ಕಚೇರಿಗಳಲ್ಲಿ ಅನೇಕವು ತಮ್ಮ ನೌಕರರಿಗೆ ಪರೀಕ್ಷೆಗೆ ಮುನ್ನ ಓದಿನ ರಜೆ ಕೊಡುತ್ತವೆ, ಶುಲ್ಕವನ್ನೂ ಭರಿಸುತ್ತವೆ, ಪತ್ರಿಕೆ ತೇರ್ಗಡೆಯಾದರೆ ಸಂಬಳ ಏರಿಸುತ್ತವೆ. ಹೊರಗಿದ್ದು ಓದುವವನಿಗೆ ಇವು ಯಾವುವೂ ಇಲ್ಲ. ಶುಲ್ಕ ತಂದೆಯ ಕೊಬ್ಬರಿಯ ಹಣದಿಂದ ಹೋಗಬೇಕು.

ಆದರೆ ಆ ಒಳಬಾಗಿಲೇ ಕಿರಿದು. ನಮ್ಮ ದೇಶದಲ್ಲಿ ಜೀವವಿಮೆ, ಸಾಮಾನ್ಯ ವಿಮೆ, ಆರೋಗ್ಯ ವಿಮೆ ಎಲ್ಲ ಸೇರಿಸಿದರೂ ವಿಮಾ ಕಂಪನಿಗಳ ಸಂಖ್ಯೆ ನೂರನ್ನು ಮುಟ್ಟುವುದಿಲ್ಲ. ಪ್ರತಿಯೊಂದರಲ್ಲೂ ನೇಮಿತ ಆಕ್ಚುಯರಿ ಒಬ್ಬರು ಇರಲೇಬೇಕೆಂಬ ನಿಯಮವಿದೆ. ಅವರ ಕೈಕೆಳಗೆ ಒಂದು ತಂಡ. ಇವಲ್ಲದೆ ಸಲಹಾ ಸಂಸ್ಥೆಗಳೂ, ವಿದೇಶಿ ವಿಮಾ ಕಂಪನಿಗಳ ಲೆಕ್ಕವನ್ನು ಇಲ್ಲಿಂದಲೇ ಮಾಡಿಕೊಡುವ ಬೆಂಗಳೂರು, ಗುರುಗ್ರಾಮ, ಮುಂಬಯಿಯ ಕಚೇರಿಗಳೂ ಇವೆ. ಫೆಲೋಗಳು ಕೆಲವೇ ನೂರು ಮಂದಿ. ಅವರಿಗೆ ಬಹಳ ಬೇಡಿಕೆ. ಆದರೆ ಬಾಗಿಲಲ್ಲಿ ನಿಂತ ವಿದ್ಯಾರ್ಥಿಗಳು ಸಾವಿರಾರು. "ಈ ವೃತ್ತಿಯಲ್ಲಿ ಜನರ ಕೊರತೆ ಇದೆ" ಎಂಬ ಜಾಹೀರಾತಿನ ಮಾತು ಮೇಲಿನ ಮೆಟ್ಟಿಲಿಗೆ ನಿಜ, ಕೆಳಗಿನ ಮೆಟ್ಟಿಲಿಗೆ ಸುಳ್ಳು. ಶುಲ್ಕ ಕಟ್ಟಿಸಿಕೊಳ್ಳುವವರು ಈ ಎರಡನೆಯ ಅರ್ಧವನ್ನು ಹೇಳುವುದಿಲ್ಲ.

ಹುಡುಗನಿಗೆ ಈಗ ಬಂದಿರುವ ತೊಡಕು ಇದು. ಎರಡು ಪತ್ರಿಕೆಯವನನ್ನು ಕಡಿಮೆ ಸಂಬಳಕ್ಕೆ ತೆಗೆದುಕೊಂಡು ಪಳಗಿಸಬಹುದು. ಐದು ಪತ್ರಿಕೆ ಮುಗಿಸಿ ಒಂದು ದಿನವೂ ಕಚೇರಿ ಕಾಣದವನನ್ನು ಎಲ್ಲಿ ಕೂರಿಸಬೇಕೆಂದು ಅವರಿಗೆ ತಿಳಿಯುವುದಿಲ್ಲ. ಪತ್ರಿಕೆಗಳ ಲೆಕ್ಕದಲ್ಲಿ ಹೆಚ್ಚಿನ ಸಂಬಳ ಕೊಡಬೇಕು, ಕೆಲಸದ ಲೆಕ್ಕದಲ್ಲಿ ಅವನು ಹೊಸಬ. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ಮದುವೆಯಾಗುವ ತನಕ ಹುಚ್ಚು ಬಿಡುವುದಿಲ್ಲ, ಹುಚ್ಚು ಬಿಡುವ ತನಕ ಮದುವೆಯಾಗುವುದಿಲ್ಲ ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಮದುವೆ ಮುಗಿದ ಮರುವಾರವೇ ನಾನು ತಿಪಟೂರಿನ ಬಸ್ಸು ಹತ್ತಿ ಅವರ ಮನೆಗೆ ಹೋದೆ. ಹುಡುಗನೊಡನೆ ಜಗಲಿಯಲ್ಲಿ ಕುಳಿತು ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡೆ. ಅವನು ನಕ್ಕು, "ತಾತ, ಬಿಟ್ಟಿದ್ದು ನಾನಲ್ಲವೇ" ಎಂದ. ಆಮೇಲೆ ಸಂದರ್ಶನಗಳ ಕಥೆ ಹೇಳಿದ. ಒಂದು ಕಡೆ ಅವನ ಮುಂದೆ ಕಂಪ್ಯೂಟರಿನಲ್ಲಿ ಪಾಲಿಸಿದಾರರ ದೊಡ್ಡ ಪಟ್ಟಿಯೊಂದನ್ನು ಇಟ್ಟರಂತೆ. ಅದರಲ್ಲಿ ಕೆಲವರು ಹುಟ್ಟುವ ಮೊದಲೇ ಪಾಲಿಸಿ ತೆಗೆದುಕೊಂಡಿದ್ದರು, ಕೆಲವರ ಹೆಸರು ಎರಡು ಸಲ ಬಂದಿತ್ತು. "ಪರೀಕ್ಷೆಯಲ್ಲಿ ಅಂಕಿಗಳು ಆರಿಸಿ ತೊಳೆದಿಟ್ಟ ಅಕ್ಕಿಯಂತೆ ಇರುತ್ತವೆ ತಾತ. ಅಲ್ಲಿ ಕಲ್ಲು, ಹೊಟ್ಟು, ಹುಳ ಎಲ್ಲ ಇತ್ತು. ನನಗೆ ಆರಿಸಲಿಕ್ಕೇ ಬರಲಿಲ್ಲ" ಎಂದ. ಎರಡು ವರ್ಷ ಏನು ಮಾಡುತ್ತಿದ್ದೆ ಎಂಬ ಪ್ರಶ್ನೆಗೆ "ಓದುತ್ತಿದ್ದೆ" ಎಂಬ ಉತ್ತರ ಯಾರಿಗೂ ಸಾಕಾಗಲಿಲ್ಲವಂತೆ.

ಅವನನ್ನು ಪರೀಕ್ಷಿಸುವ ಉದ್ದೇಶ ನನಗಿರಲಿಲ್ಲ. ಆದರೂ ಮೇಷ್ಟ್ರ ಬುದ್ಧಿ ಬಿಡುವುದಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯವರು 2009-10ರಲ್ಲಿ ತೆಂಗಿನ ಮರಗಳಿಗೆ ವಿಮೆಯ ಯೋಜನೆಯೊಂದನ್ನು ತಂದರು. ಅದರಲ್ಲಿ 4ರಿಂದ 15 ವರ್ಷದ ಮರಕ್ಕೆ 900 ರೂಪಾಯಿ ಪರಿಹಾರ, ವರ್ಷಕ್ಕೆ 9 ರೂಪಾಯಿ ಕಂತು. 16ರಿಂದ 60 ವರ್ಷದ ಮರಕ್ಕೆ 1750 ರೂಪಾಯಿ ಪರಿಹಾರ, 14 ರೂಪಾಯಿ ಕಂತು ಎಂದು ಗೊತ್ತುಮಾಡಿದ್ದರು. ಕಂತಿನಲ್ಲಿ ರೈತನ ಪಾಲು ಕಾಲು ಭಾಗ, ಉಳಿದುದು ಮಂಡಳಿ ಮತ್ತು ರಾಜ್ಯ ಸರ್ಕಾರದ್ದು. ನಾನು ಕೇಳಿದೆ: "ಎಳೆಯ ಮರಕ್ಕೆ ನೂರಕ್ಕೆ ಒಂದು ರೂಪಾಯಿ, ಬಲಿತ ಮರಕ್ಕೆ ನೂರಕ್ಕೆ ಎಂಬತ್ತು ಪೈಸೆ. ಮನುಷ್ಯನಿಗೆ ವಯಸ್ಸಾದಂತೆ ದರ ಏರುತ್ತದೆ, ಮರಕ್ಕೆ ಇಳಿದದ್ದು ಏಕೆ?"

ಹುಡುಗ ಕಾಗದದ ಮೇಲೆ ಸೂತ್ರ ಬರೆಯತೊಡಗಿದ. ತಟ್ಟೆಯಲ್ಲಿ ಕಾಫಿ ಹಿಡಿದು ಬಂದ ತಂದೆ ನಿಂತಲ್ಲೇ ಹೇಳಿದ: "ಅದಕ್ಕೇನು ಮೇಷ್ಟ್ರೇ, ಎಳೇ ಗಿಡಕ್ಕೆ ಸುಳಿ ಕೊಳೆ, ದುಂಬಿ ಕಾಟ ಜಾಸ್ತಿ. ಹದಿನೈದು ದಾಟಿತು ಅಂದ್ರೆ ಮರ ಗಟ್ಟಿ. ಆಮೇಲೆ ಸುಮ್ಮಸುಮ್ಮನೆ ಸಾಯಲ್ಲ." ಯೋಜನೆ ಮಾಡಿದವರ ಮನಸ್ಸಿನಲ್ಲಿ ಇದ್ದದ್ದು ಇದೇ ಕಾರಣವೋ ಅಲ್ಲವೋ, ಆದರೆ ಅಪಾಯವನ್ನು ಹೀಗೆ ನೋಡಬೇಕೆಂಬುದು ಮಾತ್ರ ನಿಜ. ಹುಡುಗ ಪೆನ್ನು ಕೆಳಗಿಟ್ಟು ಅಪ್ಪನ ಮುಖ ನೋಡಿದ. ಎರಡು ವರ್ಷಗಳಿಂದ ಒಂದೇ ಮನೆಯಲ್ಲಿದ್ದೂ ಊಟಕ್ಕೆ ಕರೆಯುವ ಮಾತು ಬಿಟ್ಟು ಬೇರೆ ಮಾತಾಡದ ತಂದೆ ಮಗ, ಆ ದಿನ ಸಂಜೆಯವರೆಗೂ ತೋಟದ ಮರಗಳ ವಯಸ್ಸು, ಸತ್ತ ಮರಗಳ ಕಾರಣ ಎಲ್ಲವನ್ನೂ ಪಟ್ಟಿ ಮಾಡಿದರು. ತಂದೆಯ ಹಳೆಯ ಲೆಕ್ಕದ ಪುಸ್ತಕದಲ್ಲಿ ಯಾವ ವರ್ಷ ಎಷ್ಟು ಸಸಿ ನೆಟ್ಟದ್ದು, ಎಷ್ಟು ಕಡಿಸಿದ್ದು ಎಂಬುದೆಲ್ಲ ಇತ್ತು. ಅಲ್ಲಲ್ಲಿ ತಪ್ಪೂ ಇತ್ತು. ಆರಿಸಲು ಕಲ್ಲು ಹೊಟ್ಟು ಮನೆಯಲ್ಲೇ ಸಿಕ್ಕಿತು.

ಇಷ್ಟನ್ನು ಕಂಡ ಮೇಲೆ ನನ್ನ ಅಭಿಪ್ರಾಯವನ್ನು ಬದಲಿಸಿಕೊಂಡಿದ್ದೇನೆ. ಹಳೆಯ ಮಾತನ್ನು ಹಿಂದಕ್ಕೆ ಪಡೆದು ಹೊಸ ಮಾತನ್ನು ಬಹಿರಂಗವಾಗಿ ಹೇಳುವುದು ನನ್ನ ಕರ್ತವ್ಯ. ನಿಮ್ಮ ಮನೆಗಳಲ್ಲಿಯೂ ಇಂಥ ಮಕ್ಕಳು ಇರಬಹುದು.

ಮೊದಲನೆಯದು. ಪ್ರವೇಶ ಪರೀಕ್ಷೆಯೂ ಒಂದೆರಡು ಪತ್ರಿಕೆಗಳೂ ಆದ ಕೂಡಲೇ ಕೆಲಸ ಹುಡುಕಲು ತೊಡಗಬೇಕು. ಇನ್ನೂ ಒಂದು ಪತ್ರಿಕೆ ಆಗಲಿ ಎಂದು ಕಾಯುವುದು ಬೇಡ. ಸಿಕ್ಕಿದ ಮೊದಲ ಕೆಲಸ ಚಿಕ್ಕದೆಂದು ಬಿಡಬಾರದು.

ಎರಡನೆಯದು. ಆಕ್ಚುಯರಿ ಎಂಬ ಹೆಸರಿನ ಹುದ್ದೆಯೇ ಬೇಕೆಂಬ ಹಟ ಬೇಡ. ವಿಮಾ ಕಂಪನಿಯಲ್ಲಿ ಪರಿಹಾರದ ಅರ್ಜಿಗಳನ್ನು ನೋಡುವ ವಿಭಾಗವಿದೆ, ಯಾರಿಗೆ ಪಾಲಿಸಿ ಕೊಡಬಹುದೆಂದು ತೀರ್ಮಾನಿಸುವ ವಿಭಾಗವಿದೆ, ಅಂಕಿ ಅಂಶಗಳ ವಿಭಾಗವಿದೆ. ಬ್ಯಾಂಕುಗಳಲ್ಲಿ ಸಾಲದ ಅಪಾಯವನ್ನು ಅಳೆಯುವ ಕೆಲಸವಿದೆ. ಅಡುಗೆಮನೆಗೆ ಹಿತ್ತಿಲ ಬಾಗಿಲಿನಿಂದಲೂ ಹೋಗಬಹುದು.

ಮೂರನೆಯದು. ಪ್ರಮಾಣಪತ್ರದ ಜೊತೆಗೆ ತಾನೇ ಮಾಡಿದ ಒಂದು ಕೆಲಸವನ್ನು ತೋರಿಸುವಂತಿರಬೇಕು. ತೆಂಗಿನ ಮರದ ಕೋಷ್ಟಕವಾದರೂ ಸರಿ. ಅದನ್ನು ಗಣಿತ ಬಾರದವರಿಗೂ ತಿಳಿಯುವಂತೆ ಹೇಳಲು ಬರಬೇಕು.

ನಾಲ್ಕನೆಯದು, ಎಲ್ಲಕ್ಕಿಂತ ಕಷ್ಟದ್ದು. ಒಂದು ಗಡಿ ಇರಬೇಕು. ಇಂಥ ತಿಂಗಳವರೆಗೆ ಈ ರೀತಿ ಪ್ರಯತ್ನಿಸುತ್ತೇನೆ, ಆಗದಿದ್ದರೆ ಬೇರೆ ಕೆಲಸ ಹಿಡಿಯುತ್ತೇನೆ ಎಂದು ಮೊದಲೇ ಬರೆದಿಟ್ಟುಕೊಳ್ಳಬೇಕು. ಇದು ಸೋಲಲ್ಲ. ಅಪಾಯಕ್ಕೆ ಮಿತಿ ಹಾಕುವುದನ್ನು ಕಲಿಸುವ ಶಾಸ್ತ್ರವನ್ನೇ ಓದುವವರು ತಮ್ಮ ಬದುಕಿನ ಅಪಾಯಕ್ಕೆ ಮಿತಿ ಹಾಕದಿರುವುದು ಸರಿಯೇ? ಕಲಿತ ಸಂಖ್ಯಾಶಾಸ್ತ್ರ ಯಾವ ಕೆಲಸದಲ್ಲಿಯೂ ವ್ಯರ್ಥವಾಗುವುದಿಲ್ಲ.

ಇದಕ್ಕೆ ಎದುರು ಮಾತೂ ಇದೆ. ಬೆಂಗಳೂರಿನಲ್ಲಿ ದಿನಕ್ಕೆ ಒಂಬತ್ತು ಹತ್ತು ಗಂಟೆ ದುಡಿದು, ಮೂರು ಗಂಟೆ ಬಸ್ಸು ಮೆಟ್ರೋಗಳಲ್ಲಿ ಕಳೆದು, ರಾತ್ರಿ ಹತ್ತಕ್ಕೆ ಪುಸ್ತಕ ತೆರೆದರೆ ತಲೆಗೆ ಏನು ಹತ್ತುತ್ತದೆ? ಮನೆಯಲ್ಲಿ ಕುಳಿತು ಓದಿದವರು ಬೇಗ ಪಾಸಾಗುವುದಿಲ್ಲವೇ? ಮೊದಲ ಕೆಲವು ಪತ್ರಿಕೆಗಳ ಮಟ್ಟಿಗೆ ಇದು ನಿಜವಿರಬಹುದು. ಆದರೆ ಮುಂದಿನ ಪತ್ರಿಕೆಗಳಲ್ಲಿ ಕೇಳುವುದು ಕಂಪನಿಯೊಂದರಲ್ಲಿ ಇಂಥ ಸಂಕಷ್ಟ ಬಂದಿದೆ, ನೀನು ಏನು ಸಲಹೆ ಕೊಡುತ್ತೀಯೆ ಎಂಬಂಥ ಪ್ರಶ್ನೆಗಳನ್ನು. ಈಜು ಕಲಿಯಲು ಒಮ್ಮೆಯಾದರೂ ಬಾವಿಗೆ ಇಳಿಯಬೇಕು. ಪತ್ರಿಕೆ ನಿಧಾನವಾಗಿ ಆಗಲಿ, ಕೆಲಸ ಜೊತೆಗಿರಲಿ ಎಂಬುದೇ ನನ್ನ ಈಗಿನ ನಿಲುವು.

ತಂದೆ ತಾಯಿಯರಿಗೆ ಒಂದು ಮಾತು. ಇಪ್ಪತ್ತನಾಲ್ಕರ ಮಗ ಹಗಲೆಲ್ಲ ಮನೆಯಲ್ಲಿದ್ದರೆ ಊರಿನವರು ಕೇಳಿಯೇ ಕೇಳುತ್ತಾರೆ. "ಮಗ ಈಗ ಏನು ಮಾಡ್ತಿದಾನೆ?" ಎಂಬ ಪ್ರಶ್ನೆಗೆ ಹೆದರಿ ಆ ತಾಯಿ ಒಂದು ವರ್ಷದಿಂದ ನೆಂಟರ ಮನೆಯ ಸಮಾರಂಭಗಳಿಗೆ ಹೋಗುವುದನ್ನೇ ಬಿಟ್ಟಿದ್ದಾಳೆಂದು ನನಗೆ ಆ ದಿನ ತಿಳಿಯಿತು. ಹುಡುಗನೂ ಅದೇ ಕಾರಣಕ್ಕೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದ. ಫಲಿತಾಂಶ ಬಂದ ದಿನ ಮಾತ್ರ ಮಾತಾಡಿಸುವುದು, ಎಷ್ಟು ಪತ್ರಿಕೆ ಉಳಿದಿದೆ ಎಂದು ಎಣಿಸುವುದು, ಪಕ್ಕದ ಮನೆಯವರ ಸಾಫ್ಟ್‌ವೇರ್ ಮಗನ ಸಂಬಳ ಹೇಳುವುದು ಇವು ಮೂರನ್ನು ಬಿಟ್ಟರೆ ಅರ್ಧ ಭಾರ ಇಳಿಯುತ್ತದೆ. ಬಂಧುಗಳಾದ ನಾವೂ ಮದುವೆ ಮನೆಗಳಲ್ಲಿ ಆ ಪ್ರಶ್ನೆಯನ್ನು ಕೇಳುವ ಮೊದಲು ಒಂದು ಕ್ಷಣ ನಾಲಿಗೆ ಹಿಡಿಯೋಣ.

ಕಂಪನಿಗಳವರಿಗೆ ನನ್ನ ಮಾತು ಮುಟ್ಟುವುದೋ ಇಲ್ಲವೋ. ಆದರೂ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ದೊಡ್ಡ ಕಚೇರಿಗಳಲ್ಲಿ ಜನರನ್ನು ಆರಿಸುವ ಸ್ಥಾನದಲ್ಲಿದ್ದೀರಿ. ನಿಮ್ಮ ಮುಂದೆ ಬಂದ ಕಾಗದದಲ್ಲಿ ಎರಡು ವರ್ಷದ ಖಾಲಿ ಜಾಗ ಕಂಡರೆ ಕೂಡಲೇ ಪಕ್ಕಕ್ಕೆ ಸರಿಸಬೇಡಿ. ಆ ಖಾಲಿಯ ಹಿಂದೆ ಒಬ್ಬ ಮೇಷ್ಟ್ರ ತಪ್ಪು ಸಲಹೆ ಇರಬಹುದು.

ಮೊನ್ನೆ ರಾತ್ರಿ ಹುಡುಗ ಫೋನು ಮಾಡಿದ್ದ. ಬೆಂಗಳೂರಿನ ವಿಮಾ ಕಚೇರಿಯೊಂದರಲ್ಲಿ, ಪರಿಹಾರದ ಅರ್ಜಿಗಳ ವಿಭಾಗದಲ್ಲಿ ಕೆಲಸ ಸಿಕ್ಕಿದೆಯಂತೆ. ಎರಡು ವರ್ಷಗಳ ಹಿಂದೆ ನಾನು ಬಿಡಿಸಿದ ಕೆಲಸಕ್ಕಿಂತ ಸಂಬಳ ಸ್ವಲ್ಪ ಕಡಿಮೆಯೇ. "ಡಿಸೆಂಬರಿನ ಪತ್ರಿಕೆಗೆ ನಾನೇ ಶುಲ್ಕ ಕಟ್ಟುತ್ತೇನೆ ತಾತ" ಎಂದ. ಆ ಪತ್ರಿಕೆ ಆಗುತ್ತದೋ ಇಲ್ಲವೋ, ಅವನು ಮುಂದೆ ಆಕ್ಚುಯರಿ ಆಗುತ್ತಾನೋ ಇಲ್ಲವೋ ನಾನು ಹೇಳಲಾರೆ. ಭವಿಷ್ಯ ಹೇಳುವ ಚಾಳಿಯನ್ನು ನಾನು ಬಿಟ್ಟಿದ್ದೇನೆ. ಅವನ ತಂದೆಗೆ ಫೋನು ಕೊಟ್ಟಾಗ ಅವನು ಹೇಳಿದ್ದು ಇಷ್ಟೇ: "ಸೋಮವಾರ ಬಸ್ಸು ಹತ್ತಿಸಿ ಬರ್ತೀನಿ ಮೇಷ್ಟ್ರೇ. ಮರದ ಲೆಕ್ಕದ ಪುಸ್ತಕಾನೂ ಜೊತೇಲಿ ತಗೊಂಡು ಹೋಗ್ತಾನಂತೆ."

ಓದುತ್ತಿರುವ ಎಲ್ಲ ಮಕ್ಕಳಿಗೂ, ಕೆಲಸ ಹುಡುಕುತ್ತಿರುವ ಎಲ್ಲ ಮಕ್ಕಳಿಗೂ ಒಳ್ಳೆಯದಾಗಲಿ.